ಎದೆಗೆ ಆನಿಸಿದ ಕೋಲು

ತುಮಕೂರಿನಿಂದ ಕುಣಿಗಲ್ ಕಡೆ ಹೋಗುವಾಗ ಎಡಗಡೆಗೆ ಒಂದು ಲೇಔಟ್ ಇದೆ. ಅದರ ಮಾಲೀಕ ಸೈಟುಗಳು ಪೂರ್ತಿ ಮಾರಾಟವಾಗದೆ ಉಳಿದ ಜಾಗದಲ್ಲಿ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಮಾಡಿಸಿದ್ದ. ಬೇಸಿಗೆಯಲ್ಲಿ ಹುಲ್ಲು ಒಣಗಿ, ಚೆಂಡು ಟಾರು ರಸ್ತೆಯ ಮೇಲೆ ಉರುಳಿದಂತೆ ಉರುಳುತ್ತಿತ್ತು. ನಾವು ಇಪ್ಪತ್ತು ಇಪ್ಪತ್ತೈದು ಜನ ಸದಸ್ಯರು. ಯಾರೂ ಚಿಕ್ಕಂದಿನಿಂದ ಆಡಿದವರಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಬಂದು ಕೋಲು ಹಿಡಿದವರೇ ಹೆಚ್ಚು.

ನಾನು ತುಮಕೂರಿನಲ್ಲಿ ವಕೀಲ. ಮನೆ ಉಪ್ಪಾರಹಳ್ಳಿಯಲ್ಲಿ. ನನ್ನನ್ನು ಆ ಮೈದಾನಕ್ಕೆ ಮೊದಲು ಕರೆದುಕೊಂಡು ಹೋದವರು ನಿಟ್ಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ. ಅವರ ಜಮೀನಿನ ಕೇಸೊಂದನ್ನು ನಾನು ನಡೆಸಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವರು. ಹಣೆಗೆ ವಿಭೂತಿ, ತೋಳು ಮಡಚಿದ ಬಿಳಿ ಶರ್ಟು, ಅದರೊಳಗೆ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಎಲ್ಲರೂ ಅವರನ್ನು ಯಜಮಾನ್ರು ಎಂದೇ ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಗುಬ್ಬಿ ದಾಟಿ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, ನಾನು ಶೂ ಹಾಕಿಕೊಳ್ಳುವವರೆಗೂ ಕಾಯುತ್ತಿದ್ದರು. ಕೋಲು ಹಿಡಿಯುವುದನ್ನು ನನಗೆ ಕಲಿಸಿದ್ದು ಅವರೇ. ಆಟ ಮುಗಿದ ಮೇಲೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಿದ್ದೆವು.

ಮೂರನೇ ವರ್ಷಕ್ಕೆ ಅವರ ಕೈ ನಡುಗಲು ಶುರುವಾಯಿತು. ದೂರದ ಹೊಡೆತಕ್ಕೆ ಅದು ಅಡ್ಡಿಯಾಗಲಿಲ್ಲ. ಇಡೀ ಮೈ ತಿರುಗಿಸಿ ಬೀಸುವಾಗ ನಡುಕ ಎಲ್ಲೋ ಅಡಗಿಬಿಡುತ್ತಿತ್ತು. ಆದರೆ ಕೊನೆಯ ಐದಾರು ಅಡಿಯಲ್ಲಿ, ಚೆಂಡನ್ನು ಕುಳಿಗೆ ಮೆಲ್ಲಗೆ ತಳ್ಳುವ ಕೋಲು ಇದೆಯಲ್ಲ, ಪಟರ್, ಅದನ್ನು ಹಿಡಿದರೆ ಕೈ ಅವರ ಮಾತು ಕೇಳುತ್ತಿರಲಿಲ್ಲ. ಗುಬ್ಬಿಯ ಒಬ್ಬ ವೆಲ್ಡಿಂಗ್‌ನವನಿಂದ ಅವರು ಆ ಪಟರಿಗೆ ಪೈಪು ಸೇರಿಸಿ ಎದೆಯುದ್ದ ಮಾಡಿಸಿಕೊಂಡರು. ಮೇಲಿನ ತುದಿಯನ್ನು ಎದೆಗೆ, ಕರಡಿಗೆಗೆ ತಾಗದಂತೆ ಒಂದು ಪಕ್ಕಕ್ಕೆ ಆನಿಸಿ, ಗಡಿಯಾರದ ಲೋಲಕದಂತೆ ಆಡಿಸುವರು. ಚೆಂಡು ನೆಟ್ಟಗೆ ಹೋಗಿ ಕುಳಿಯಲ್ಲಿ ಬೀಳುತ್ತಿತ್ತು.

ಆ ಕೋಲಿನಿಂದ ಅವರು ನಮ್ಮ ವಾರ್ಷಿಕ ಪಂದ್ಯದಲ್ಲಿ ನನ್ನನ್ನು ಎರಡು ವರ್ಷ ಸೋಲಿಸಿದರು. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದಂತೆ, ಎರಡೂ ಸಲ ಒಂದೇ ಒಂದು ಹೊಡೆತದ ಅಂತರ. ಎರಡನೇ ಸಲ ಕಪ್ಪು ಹಿಡಿದು ನನ್ನ ಬೆನ್ನು ತಟ್ಟಿ, "ಬೇಜಾರ್ ಮಾಡ್ಕೋಬೇಡಿ ಲಾಯರ್ರೇ, ಮುಂದಿನ್ ವರ್ಷ ನಿಮ್ದೇ" ಅಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆ ತಟ್ಟಿದ ಕೈ ಮಾತ್ರ ತಿಂಗಳುಗಟ್ಟಲೆ ನನ್ನ ಬೆನ್ನ ಮೇಲೇ ಉಳಿಯಿತು.

ಗಾಲ್ಫಿನ ನಿಯಮಗಳು ಕೆಲವು ವರ್ಷಗಳಿಂದ ಬದಲಾಗುತ್ತಲೇ ಇದ್ದವು. ಆಡಲಾಗದ ಕಡೆ ಹೋದ ಚೆಂಡನ್ನು ಎತ್ತಿ ಭುಜದ ಎತ್ತರದಿಂದ ಬೀಳಿಸಬೇಕಿದ್ದದ್ದು ಮಂಡಿ ಎತ್ತರಕ್ಕೆ ಬಂತು. ಕುಳಿಯಲ್ಲಿ ಬಾವುಟ ಇದ್ದಂತೆಯೇ ಪಟ್ ಮಾಡಬಹುದು ಎಂದಾಯಿತು. ಅನುಕೂಲ ಆಗುವ ನಿಯಮಗಳನ್ನೆಲ್ಲ ನಾವು ಒಪ್ಪಿಕೊಂಡಿದ್ದೆವು. ಕೋಲನ್ನು ಮೈಗೆ ಆನಿಸಿ ಹೊಡೆಯಬಾರದು ಎಂಬ ನಿಯಮವೂ ಎಂದೋ ಬಂದಿತ್ತು. ನಮ್ಮಲ್ಲಿ ಯಾರೂ ಅದನ್ನು ಓದಿರಲಿಲ್ಲ. ನಾನು ಓದಿದೆ.

ಪಂದ್ಯಕ್ಕೆ ಒಂದು ತಿಂಗಳು ಮೊದಲು, ಭಾನುವಾರ ಆಟ ಮುಗಿದ ಮೇಲೆ ಶೀಟಿನ ಶೆಡ್ಡಿನಲ್ಲಿ ಸಭೆ ಸೇರಿತು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರೊಬ್ಬರು ನಮ್ಮ ಅಧ್ಯಕ್ಷರು. ನಾನು ಎದ್ದು ನಿಂತು ನಿಯಮವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಉದ್ದ ಕೋಲು ಇಟ್ಟುಕೊಳ್ಳಬಹುದು, ಮೈಗೆ ಆನಿಸುವಂತಿಲ್ಲ, ಆನಿಸಿದರೆ ಎರಡು ಹೊಡೆತ ದಂಡ.

ಅಧ್ಯಕ್ಷರಿಗೆ ಇರುಸುಮುರುಸಾಯಿತು. "ನಾವೇನು ಟೀವೀಲಿ ಆಡೋರಾ? ಹವ್ಯಾಸಕ್ಕೆ ಆಡೋರು. ಯಾಕೆ ಸುಮ್ನೆ?"

"ಹವ್ಯಾಸ ಅಂದ್ಬುಟ್ಟು ಎಲ್ರೂ ಒಂದೊಂದು ಕೋಲು ವೆಲ್ಡಿಂಗ್ ಮಾಡಿಸ್ಕೊಂಡು ಬಂದ್ರೆ?" ಅಂದೆ. "ನಾಳೆ ನಾನು ಬಿಲಿಯರ್ಡ್ಸ್ ತರ ಮಲಗಿ ಹೊಡೀತೀನಿ, ಒಪ್ತೀರಾ?"

ಕೆಲವರು ನಕ್ಕರು. ಹಲ್ಲಿನ ಡಾಕ್ಟರೊಬ್ಬರು ಯಜಮಾನರ ಪರ ಮಾತಾಡಿದರು. "ಕೈ ನಡುಗೋದು ಕಾಯಿಲೆ ಸ್ವಾಮಿ. ಕಣ್ಣು ಕಾಣ್ದೋರು ಕನ್ನಡಕ ಹಾಕ್ಕೊಂಡು ಆಡಲ್ವಾ?"

ವಾದ ಅವರ ಕಡೆ ವಾಲುವುದು ನನಗೆ ಕಾಣಿಸಿತು. ಆಗ ನಾನು ಅಂದೆ: "ನಡುಕ ಆಟದ ಒಂದು ಭಾಗ ಡಾಕ್ಟ್ರೇ. ನಂಗೂ ಕೊನೇ ಪಟ್‌ನಲ್ಲಿ ಕೈ ನಡುಗತ್ತೆ. ಆದ್ರೆ ನಾನು ಕೋಲನ್ನ ಲಿಂಗದ ಪಕ್ಕ ಇಟ್ಟು ಶಿವನ ಕೈಲಿ ಹೊಡೆಸಲ್ಲ."

ಶೆಡ್ಡು ತುಂಬ ನಗು. ಅಧ್ಯಕ್ಷರೂ ತಲೆ ತಗ್ಗಿಸಿ ನಕ್ಕರು. ಯಜಮಾನರು ಶರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳಲು ಹೋದರು. ಬೆರಳು ಜಾರಿ ಜಾರಿ, ಗುಂಡಿ ತೂತಿಗೆ ಹೋಗಲಿಲ್ಲ. ಅದನ್ನು ನೋಡಿ ಹಿಂದಿನ ಸಾಲಿನಲ್ಲಿ ಇನ್ನೊಂದು ಸಲ ನಗು ಎದ್ದಿತು.

ನಾನು ಓದಿದ ಆ ನಿಯಮಗಳ ಪುಸ್ತಕದ ಕೊನೆಗೆ, ಅಂಗವೈಕಲ್ಯ ಇರುವ ಆಟಗಾರರಿಗೆಂದು ಬೇರೆ ಒಂದು ಭಾಗವಿದೆ. ಕೆಲವರಿಗೆ ಕೋಲನ್ನು ಮೈಗೆ ಆನಿಸಲು ಅಲ್ಲಿ ಅವಕಾಶವಿದೆ. ನಡುಗುವ ಕೈಗೆ ಅದು ಅನ್ವಯಿಸುತ್ತದೆಯೇ ಎಂದು ವಾದ ಮಾಡಬಹುದಿತ್ತು. ವಾದ ಮಾಡುವುದು ನನ್ನ ಕಸುಬು. ಹಿಂದಿನ ದಿನ ಆ ಪುಟವನ್ನು ಎರಡು ಸಲ ಓದಿದ್ದೆ. ಸಭೆಯಲ್ಲಿ ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಕೈ ಎತ್ತಿಸಿದಾಗ ಯಜಮಾನರೂ ನಿಯಮದ ಪರವೇ ಕೈ ಎತ್ತಿದರು. "ರೂಲ್ಸ್ ಅಂದ್ಮೇಲೆ ರೂಲ್ಸು. ನಂಗೆ ಗೊತ್ತಿರ್ಲಿಲ್ಲ ಕಣ್ರಪ್ಪಾ" ಅಂದರು. ಎತ್ತಿದ ಕೈ ಗಾಳಿಯಲ್ಲಿ ಅಲ್ಲಾಡುತ್ತಿತ್ತು.

ಪಂದ್ಯದ ದಿನ ನಮ್ಮಿಬ್ಬರದೇ ಜೋಡಿ. ಒಬ್ಬರ ಹೊಡೆತಗಳನ್ನು ಇನ್ನೊಬ್ಬರು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅವರು ಅದೇ ಉದ್ದ ಕೋಲು ತಂದಿದ್ದರು, ಎದೆಯಿಂದ ಒಂದು ಗೇಣು ದೂರ ಹಿಡಿದಿದ್ದರು. ಮೊದಲ ಕುಳಿಯ ಹತ್ತಿರ ಚೆಂಡು ಎರಡು ಅಡಿ ದೂರದಲ್ಲಿ ಬಂದು ನಿಂತಿತ್ತು. ಅವರು ತಳ್ಳಿದರು. ಕುಳಿ ದಾಟಿ ಹೋಯಿತು. ಆ ಕಡೆಯಿಂದ ತಳ್ಳಿದರು. ಈ ಕಡೆ ಬಂತು.

"ಐದು," ಎಂದೆ ನಾನು. ಮತ್ತೆ ತಳ್ಳಿದರು. "ಆರು." ಹಾಗೆ ಗಟ್ಟಿಯಾಗಿ ಎಣಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಹಿಂದೆ ಕಾಯುತ್ತಿದ್ದವರು ಮೊದಮೊದಲು ಅಯ್ಯೋ ಅನ್ನುತ್ತಿದ್ದರು, ನಾಲ್ಕನೇ ಕುಳಿಯ ಹೊತ್ತಿಗೆ ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದ್ದರು.

ಏಳನೇ ಕುಳಿಯಲ್ಲಿ ಗಾಳಿ ಎದ್ದಿತು. ಅವರ ಶರ್ಟು ಉಬ್ಬಿ ಕೋಲಿನ ತುದಿಗೆ ತಗುಲಿತು. ಬಟ್ಟೆ ಸುಮ್ಮನೆ ತಗುಲಿದರೆ ತಪ್ಪಿಲ್ಲ, ಬೇಕೆಂದೇ ಒತ್ತಿ ಹಿಡಿದರೆ ಮಾತ್ರ ತಪ್ಪು. ಅದೂ ನನಗೆ ಗೊತ್ತಿತ್ತು.

"ತಾಗ್ತು ಯಜಮಾನ್ರೇ," ಅಂದೆ.

ಅವರು ತಮ್ಮ ಎದೆಯನ್ನೇ ನೋಡಿಕೊಂಡರು. "ತಾಗ್ತಾ? ನಂಗೆ ಗೊತ್ತೇ ಆಗ್ಲಿಲ್ಲ. ಬರ್ಕೊಳ್ಳಿ."

ಎರಡು ಹೊಡೆತ ದಂಡ ಬರೆದೆ. ಆಗಲೇ ಹದಿನಾಲ್ಕು ಹೊಡೆತ ಮುಂದಿದ್ದೆ. ಆ ಎರಡು ನನಗೆ ಬೇಕಾಗಿಯೇ ಇರಲಿಲ್ಲ. ಆ ವರ್ಷದ ಕಪ್ಪು ನನಗೇ ಬಂತು.

ಮುಂದಿನ ಭಾನುವಾರ ನಮ್ಮ ಮನೆ ಮುಂದೆ ಕಾರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನು ಫೋನ್ ಮಾಡಲಿಲ್ಲ. ಅವರು ಆಟ ಬಿಟ್ಟರೆಂದು ಅಧ್ಯಕ್ಷರು ತಿಳಿಸಿದರು. ಅದೇ ವರ್ಷ ಅಧ್ಯಕ್ಷರಿಗೆ ಮಂಡಿ ಆಪರೇಷನ್ ಆಗಿ ನಡೆಯಲು ಕಷ್ಟವಾಯಿತು. ಮುಂದಿನ ಪಂದ್ಯದಲ್ಲಿ ಅವರು ಬ್ಯಾಟರಿ ಗಾಡಿಯಲ್ಲಿ ಓಡಾಡಬಹುದೇ ಎಂಬ ಪ್ರಶ್ನೆ ಬಂದಾಗ ಐದು ನಿಮಿಷದಲ್ಲಿ ಒಪ್ಪಿದೆವು. ಒಪ್ಪಿಗೆ ಪತ್ರ ಬರೆದುಕೊಟ್ಟವನು ನಾನು.

ವರ್ಷ ಕಳೆದ ಮೇಲೆ ಕೋರ್ಟಿನ ಕೆಲಸಕ್ಕೆ ಒಂದು ತೋಟದ ಗಡಿ ನೋಡಲು ನಿಟ್ಟೂರಿಗೆ ಹೋಗಬೇಕಾಯಿತು. ಯಜಮಾನರು ಮನೆ ಜಗಲಿಯಿಂದಲೇ ನನ್ನನ್ನು ಕಂಡು ಕರೆದರು. ತಪ್ಪಿಸಿಕೊಳ್ಳಲು ಆಗಲಿಲ್ಲ. ಒಳಗೆ ಹೋಗಿ ಕೂತ ಮೇಲೆ ಹೆಂಡತಿ ಅವರಿಗೆ ಉಪ್ಪಿಟ್ಟು ತಿನ್ನಿಸತೊಡಗಿದರು. ನಡುಕ ತಲೆಗೂ ಏರಿತ್ತು. ಚಮಚ ಬಾಯಿಯ ಹತ್ತಿರ ಬಂದಾಗ ಆಕೆ ಎಡಗೈಯಲ್ಲಿ ಅವರ ಗದ್ದ ಹಿಡಿದುಕೊಳ್ಳುತ್ತಿದ್ದರು.

ಅವರು ಖುಷಿಯಾಗಿಯೇ ಮಾತಾಡಿದರು. ಹುಲ್ಲಿಗೆ ನೀರು ಬಿಡ್ತಾರಾ, ಒಂಬತ್ತನೇ ಕುಳಿ ಸರಿ ಮಾಡಿದ್ರಾ ಎಂದೆಲ್ಲ ಕೇಳಿದರು. ಆಮೇಲೆ ಅಂದರು: "ಅವತ್ತು ಕೋಲು ತಾಗಿದ್ದು ನಂಗೆ ತಿಳೀಲಿಲ್ಲ ಲಾಯರ್ರೇ. ನೀವು ನೋಡಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಮೋಸ ಮಾಡ್ದಂಗಾಗೋದು. ಪೂಜೆಗೆ ಕೂತಾಗ್ಲೆಲ್ಲ ಅದೇ ಗ್ಯಾನ. ಹಿಂದಿನ್ ಎರಡು ವರ್ಷಾನೂ ಮೋಸದಲ್ಲೇ ಗೆದ್ನಲ್ಲ ಅಂತ."

ಒಂದು ಮಾತು ಹೇಳಿದ್ದರೆ ಸಾಕಿತ್ತು. "ಬುಡಿ ಯಜಮಾನ್ರೇ, ಹಳೇದು," ಅಂದೆ. ಅವರನ್ನು ಕ್ಷಮಿಸಿದವನ ಹಾಗೆ.

ಅವರು ಸಮಾಧಾನದಿಂದ ತಲೆಯಾಡಿಸಿದರು. ಹೆಂಡತಿ ನನಗೆ ಕಾಫಿ ತಂದಿಟ್ಟು, ನಾನು ಕುಡಿದು ಮುಗಿಸುವವರೆಗೂ ನಿಂತೇ ಇದ್ದರು. ಬಾಗಿಲವರೆಗೆ ಬಂದು, ಒಳಗೆ ಕೇಳಿಸದಷ್ಟು ಮೆಲ್ಲಗೆ ಅಂದರು:

"ನಂಗೆ ನಿಮ್ಮ ಆಟ ತಿಳಿಯಲ್ಲ ಸಾರ್. ಆದ್ರೆ ಅವ್ರು ಯಾವತ್ತೂ ಒಬ್ರಿಗೆ ಮೋಸ ಮಾಡ್ದೋರಲ್ಲ. ಅದು ನಿಮಗೂ ಗೊತ್ತು. ಈಗ ನಿಮ್ಮ ಮುಖ ನೋಡ್ತಿದ್ದೆ ನಾನು. ಇನ್ಮೇಲೆ ಈ ಮನೆಗೆ ಬರ್ಬೇಡಿ."

ಆಗಲಿ ಅಮ್ಮ ಎಂದು ಚಪ್ಪಲಿ ಮೆಟ್ಟಿಕೊಂಡೆ. ಗುಬ್ಬಿ ಬರುವವರೆಗೂ ನನ್ನಲ್ಲಿದ್ದದ್ದು ಪಶ್ಚಾತ್ತಾಪ ಅಂತ ಬರೆದರೆ ಸುಳ್ಳಾಗುತ್ತದೆ. ಆಕೆ ಆ ಮಾತನ್ನು ಗಟ್ಟಿಯಾಗಿ ಹೇಳಲಿಲ್ಲವಲ್ಲ, ಯಜಮಾನರ ಕಿವಿಗೆ ಬೀಳಲಿಲ್ಲವಲ್ಲ ಎಂಬ ನೆಮ್ಮದಿಯೇ ನನ್ನಲ್ಲಿತ್ತು. ಆಕೆಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೇನೆ. ಯಜಮಾನರು ತೀರಿಕೊಂಡಾಗಲೂ ನಿಟ್ಟೂರಿಗೆ ಹೋಗಲಿಲ್ಲ.