ಅತ್ತಿಗೆಯ ಎತ್ತರ

ನಮ್ಮ ಅತ್ತಿಗೆಯ ಹಣೆಯ ಬಲಗಡೆ ಅಡಕೆಯಷ್ಟು ದಪ್ಪದ ಒಂದು ಗಂಟು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ನಮ್ಮ ಮನೆಯ ಬಾಗಿಲು ಕೊಟ್ಟದ್ದು. ಚಳಿಗಾಳಿ ಒಳಗೆ ನುಗ್ಗದಿರಲೆಂದು ಹಟ್ಟಿಯ ಸಾಲುಮನೆಗಳಿಗೆ ಆಗ ಗಿಡ್ಡ ಬಾಗಿಲು ಇಡುತ್ತಿದ್ದರು. ನನ್ನ ಅಣ್ಣ ತಲೆ ಬಗ್ಗಿಸದೆ ಅದರಲ್ಲಿ ನಡೆದು ಬರುತ್ತಿದ್ದ. ಅವನ ಹೆಂಡತಿ ಸೊಂಟದಿಂದ ಬಗ್ಗಬೇಕಿತ್ತು. ಕೈತುಂಬ ಕೆಲಸವಿದ್ದಾಗ ಮರೆತೇಬಿಡುತ್ತಿದ್ದಳು. ಠಕ್ಕೆಂದು ಸದ್ದಾದರೆ ಒಲೆಯ ಮುಂದಿದ್ದ ನಮ್ಮ ಅವ್ವೆ "ಸೊಸೆ ಬಂದಳು" ಎನ್ನುತ್ತಿದ್ದಳು. ಹಣೆ ಉಜ್ಜಿಕೊಳ್ಳುತ್ತ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅತ್ತಿಗೆಯೇ.

ಅವಳನ್ನು ಆರಿಸಿದ್ದು ಅಣ್ಣನೇ. ಕೋತಗಿರಿಯ ಸಂತೆಯಲ್ಲಿ ತಲೆಯ ಮೇಲೆ ಆಲೂಗಡ್ಡೆ ಮೂಟೆ ಹೊತ್ತು ಜನರ ನಡುವೆ ಬರುತ್ತಿದ್ದ ಅವಳನ್ನು ನೋಡಿ ಬಂದು, ಅಂದು ಸರಿಯಾಗಿ ಊಟ ಮಾಡಲಿಲ್ಲ. "ಅಷ್ಟು ಎತ್ತರದ ಹೆಣ್ಣು ನಿನಗೇಕಪ್ಪಾ?" ಎಂದು ಅವ್ವೆ ಕೇಳಿದ್ದಕ್ಕೆ, "ಮಂಜು ಬಿದ್ದರೂ ಅವಳು ಕಾಣ್ತಾಳೆ, ಅವ್ವೆ" ಎಂದ. ಆ ಮಾತು ನಮ್ಮ ಮನೆಯಲ್ಲಿ ಬಹಳ ದಿನ ಓಡಾಡಿತು. ಅಣ್ಣ ಅವಳ ಭುಜಕ್ಕೆ ಬರುತ್ತಿದ್ದ. ಹಟ್ಟಿಯವರು ಇಬ್ಬರಿಗೂ ಸೇರಿಸಿ 'ದೋಟಿ-ಗಿಂಡಿ' ಎಂದು ಹೆಸರಿಟ್ಟರು: ಅವಳು ಕಾಯಿ ಕೀಳುವ ಉದ್ದ ಕೋಲು, ಅವನು ನೀರಿನ ಗಿಡ್ಡ ಚೊಂಬು. ಅಣ್ಣ ಸಿಟ್ಟಾಗಲಿಲ್ಲ. "ಗಿಂಡಿಯಲ್ಲೇ ಅಲ್ಲವಾ ನೀರಿರೋದು" ಎನ್ನುತ್ತಿದ್ದ.

ಬೆಟ್ಟದ ಊರಿನಲ್ಲಿ ಎತ್ತರ-ಗಿಡ್ಡ ಅಷ್ಟು ದೊಡ್ಡ ವಿಷಯವೂ ಅಲ್ಲ. ಎಲ್ಲ ದಾರಿಗೂ ಒಂದು ಮೇಲ್ಪಕ್ಕ, ಒಂದು ಕೆಳಪಕ್ಕ ಇರುತ್ತದೆ. ಹೊಲಕ್ಕೆ ಹೋಗುವಾಗ ಅಣ್ಣ ಮೇಲ್ಪಕ್ಕದಲ್ಲಿ, ಅತ್ತಿಗೆ ಕೆಳಪಕ್ಕದಲ್ಲಿ. ಆಗ ಇಬ್ಬರ ತಲೆಯೂ ಸಮಕ್ಕೆ ಬರುತ್ತಿತ್ತು. ಹಾಗೆ ಮಾತಾಡುತ್ತ ಹೋಗುವ ಅವರ ಬೆನ್ನನ್ನು ಚಿಕ್ಕ ಹುಡುಗಿಯಾದ ನಾನು ಹಿಂದಿನಿಂದ ನೋಡುತ್ತಿದ್ದೆ. ಅಟ್ಟದ ಮೇಲಿನ ಸಾಮೆಯ ಚೀಲ ಇಳಿಸುವುದು ಅತ್ತಿಗೆಯ ಕೆಲಸ, ಅವಳ ಕಾಲಿನ ಮುಳ್ಳು ತೆಗೆಯುವುದು ಅಣ್ಣನ ಕೆಲಸ. ಇದ್ದ ಒಂದೇ ಕಂಬಳಿಯನ್ನು ಅಣ್ಣನ ಗಲ್ಲದವರೆಗೆ ಎಳೆದರೆ ಅವಳ ಕಾಲು ಹೊರಗೆ ಉಳಿಯುತ್ತಿತ್ತು. "ಕಾಲಿಗೆ ಚಳಿಯಾದರೆ ಸಾಯಲ್ಲ ಬಿಡು" ಎನ್ನುತ್ತಿದ್ದಳು. ನನಗೆ ಗಂಡ-ಹೆಂಡತಿ ಎಂದರೆ ಅವರಿಬ್ಬರೇ ಕಣ್ಣ ಮುಂದೆ ಬರುತ್ತಿದ್ದ ಕಾಲ ಅದು.

ದೊಡ್ಡ ಯುದ್ಧ ಮುಗಿದ ಮೇಲೆ ಅಣ್ಣನಿಗೆ ವೆಲ್ಲಿಂಗ್ಟನ್ನಿನಲ್ಲಿ ಕೆಲಸ ಸಿಕ್ಕಿತು. ಪಲ್ಟನ್ನಿಗೆ ತರಕಾರಿ ಒದಗಿಸುವ ಒಬ್ಬ ಕಂಟ್ರಾಕ್ಟರನ ಅಂಗಡಿ. ಅಣ್ಣ ಅಲ್ಲೇ ಉಳಿದು, ಭಾನುವಾರ ಮನೆಗೆ ಬರುತ್ತಿದ್ದ. ಬರುಬರುತ್ತ ಅವನ ಕಾಲಿಗೆ ದಪ್ಪ ಹಿಮ್ಮಡಿಯ ಬೂಟು ಬಂತು, ತಲೆಗೆ ಎತ್ತರದ ರುಮಾಲು ಬಂತು. ಮಾತೂ ಬದಲಾಯಿತು. "ದಾರೀಲಿ ಸ್ವಲ್ಪ ಹಿಂದೆ ಬಾ." "ಅಂಗಳದಲ್ಲಿ ಹಾಗೆ ನೆಟ್ಟಗೆ ನಿಲ್ಲಬೇಡ." "ಎನ್ನ ಜೊತೆ ಮಾತಾಡುವಾಗ ಕೂತ್ಕೋ." ಅತ್ತಿಗೆ ಹಿಂದೆ ನಡೆದಳು. ಕೂತು ಮಾತಾಡಿದಳು. ಬಳ್ಳಿಯಂತೆ ಬೆನ್ನು ಬಗ್ಗಿಸಿ ಬಡಿಸುವುದನ್ನೂ ಕಲಿತಳು. ಯಾಕೆ ಹೀಗೆ ಎಂದು ನಾನು ಕೇಳಿದರೆ, "ಸೋಲ್ಜರುಗಳ ನಡುವೆ ಇರ್ತಾನಲ್ಲ ಕೂಸೇ, ಅಲ್ಲಿ ಯಾರೋ ನಕ್ಕಿರಬೇಕು" ಎಂದಳು. ಆಗಲೂ ಅವನ ಕಡೆಯೇ ಮಾತಾಡಿದಳು.

ಒಮ್ಮೆ ಅಣ್ಣ ಎರಡು ವಾರ ಬರಲಿಲ್ಲ. ಜ್ವರವೋ ಏನೋ ಎಂದು ಅವ್ವೆಗೆ ಗಾಬರಿ. ಬೆಣ್ಣೆ, ಹುರಿದ ಹಿಟ್ಟು ಕಟ್ಟಿ ಅತ್ತಿಗೆಯನ್ನೂ ನನ್ನನ್ನೂ ಕಳಿಸಿದಳು. ನನಗಾಗ ಹದಿನೆಂಟು ತುಂಬಿತ್ತು. ಅತ್ತಿಗೆ ಒಗೆದ ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ವಸ್ತ್ರ ಬಿಗಿದು, ಹೊಳೆಯಲ್ಲಿ ಎರಡು ಸಲ ಮುಖ ತೊಳೆದುಕೊಂಡಳು. ಅಂಗಡಿ ಹುಡುಕಿಕೊಂಡು ಹೋದರೆ ಅಣ್ಣ ಹೊರಗೇ ನಿಂತಿದ್ದ. ಜ್ವರವೂ ಇಲ್ಲ, ಏನೂ ಇಲ್ಲ. ಅಂಗಡಿಯ ಮೇಸ್ತ್ರಿಯ ಜೊತೆ, ಇನ್ನಿಬ್ಬರ ಜೊತೆ ನಗುತ್ತಿದ್ದ. ನಮ್ಮನ್ನು ಕಂಡವನೇ ನಗು ನಿಲ್ಲಿಸಿದ.

ಮೇಸ್ತ್ರಿ ಅತ್ತಿಗೆಯನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಯಾರಪ್ಪಾ ಇದು?" ಎಂದು ತಮಿಳಿನಲ್ಲಿ ಕೇಳಿದರು.

"ಎಂಗ ಅಕ್ಕ" ಎಂದ ಅಣ್ಣ.

ನಮ್ಮ ಅಕ್ಕ ಎಂಬ ಆ ಮಾತು ತಮಿಳಿನಲ್ಲೂ ನಮ್ಮ ಮಾತಿನಲ್ಲೂ ಒಂದೇ. ತಪ್ಪಾಗಿ ಕೇಳಿಸಿತು ಎನ್ನಲು ಎಡೆಯೇ ಇರಲಿಲ್ಲ. ಮೇಸ್ತ್ರಿ ಒಳ್ಳೆಯ ಮನುಷ್ಯರು, ಒಂದು ಪೆಟ್ಟಿಗೆ ಒರೆಸಿ "ಕೂತ್ಕೊಳ್ಳಿ ಅಕ್ಕಾ" ಎಂದರು. ಅತ್ತಿಗೆ ಕೂರಲಿಲ್ಲ. ಅವರೇ ಮುಂದುವರಿಸಿದರು: "ನೀವು ಬಂದದ್ದು ಒಳ್ಳೇದಾಯ್ತು. ತಮ್ಮನಿಗೆ ಬೇಗ ಒಂದು ಹೆಣ್ಣು ನೋಡಿ. ಇಲ್ಲಿ ಊಟಕ್ಕೆ ಪರದಾಡ್ತಾನೆ."

ನಾನು ಅಣ್ಣನ ಮುಖ ನೋಡಿದೆ. ಅವನು ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ನೋಡುತ್ತಿದ್ದ.

"ನೋಡ್ತೀನಿ" ಎಂದಳು ಅತ್ತಿಗೆ. ಬೆಣ್ಣೆಯ ಮಡಕೆಯನ್ನು ಅವನ ಕೈಗೆ ಕೊಟ್ಟಳು. ಹಿಟ್ಟಿನ ಗಂಟನ್ನೂ ಕೊಟ್ಟಳು. ತಿರುಗಿ ಹೊರಟಳು.

ದಾರಿಯುದ್ದ ಅವಳು ಅಳಲಿಲ್ಲ. ಹಟ್ಟಿ ಕಾಣುವ ತಿರುವಿನಲ್ಲಿ ನಿಂತು, ಯಾರಿಗೋ ಹೇಳುವಂತೆ, "ಅವ ಕುಳ್ಳ ಅಂತ ಎನಗೆ ಇವತ್ತೇ ಗೊತ್ತಾದದ್ದು" ಎಂದಳು.

ಭಾನುವಾರ ಅಣ್ಣ ಓಡಿ ಬಂದ. ಬಾಯಿಗೆ ಬಂದದ್ದು ಅಂದುಬಿಟ್ಟೆ, ಅವರ ನಗು ನೀನು ಕೇಳಿಲ್ಲ, ದಿನಾ ಎನ್ನ ಆಡಿಕೊಳ್ತಾರೆ ಎಂದೆಲ್ಲ ಹೇಳಿದ. ಅತ್ತಿಗೆ ಅವನಿಗೆ ತಟ್ಟೆ ಇಟ್ಟು, "ತಮ್ಮಾ, ಊಟ ಮಾಡು" ಎಂದಳು. ಅವನು ತಟ್ಟೆ ತಳ್ಳಿ ಎದ್ದುಹೋದ. ಮರುದಿನ ಅವಳು ಹಟ್ಟಿಯ ಗೌಡರ ಮನೆಗೆ ಹೋಗಿ, ಕೂಟ ಕರೆಯಿರಿ, ಎನಗೆ ಬಿಡುಗಡೆ ಬೇಕು ಎಂದು ಕೇಳಿದಳು. ನಮ್ಮಲ್ಲಿ ಹೆಣ್ಣು ಬಿಡುಗಡೆ ಕೇಳುವುದು ಹೊಸದಲ್ಲ. ಆದರೆ ಇಂಥ ಕಾರಣಕ್ಕೆ ಯಾರೂ ಕೇಳಿರಲಿಲ್ಲ.

ಕೂಟದ ಬೆಳಿಗ್ಗೆ ಅವ್ವೆ ನನ್ನನ್ನು ಹಟ್ಟಿಯ ಹಿಂದಕ್ಕೆ ಕರೆದಳು. "ಗೌಡರು ಕೇಳಿದರೆ ಕೇಳಿಸಲಿಲ್ಲೆ ಅನ್ನು. ಅಣ್ಣನ ಮಾನ ನಿನ್ನ ನಾಲಿಗೆ ಮೇಲದೆ." ಸೊಸೆಯನ್ನು 'ಎನ್ನ ಮಗಳು' ಎಂದು ಹಟ್ಟಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನಮ್ಮ ಅವ್ವೆ ಅವಳು. ನನಗೆ ಅಣ್ಣನ ಮೇಲಿನದಕ್ಕಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು.

ಹಟ್ಟಿಯ ಮುಂದಿನ ಹುಲ್ಲಿನ ಮೇಲೆ ಹಿರಿಯರು ಕೂತಿದ್ದರು. ಗೌಡರು ಕೇಳಿದಾಗ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಮೇಸ್ತ್ರಿ ಹೆಣ್ಣು ನೋಡಿ ಎಂದದ್ದನ್ನೂ ಬಿಡಲಿಲ್ಲ. ಅಣ್ಣ ನನ್ನನ್ನು ನೋಡಿದ ಆ ನೋಟ ಇಂದಿಗೂ ಮರೆತಿಲ್ಲ. ಕೂಟದಲ್ಲಿ ಒಬ್ಬರು ಕಿಸಕ್ಕೆಂದರು. ಅವರನ್ನು ನೋಡಿ ಇನ್ನೊಬ್ಬರು. ಹಲ್ಲಿಲ್ಲದ ಮುದುಕರೊಬ್ಬರು, "ಅಷ್ಟುದ್ದ ಬೆಳೆದದ್ದು ನಿನ್ನ ತಪ್ಪು ತಾನೇ ಅಮ್ಮಾ?" ಎಂದಾಗ ನಗು ಎಲ್ಲರಿಗೂ ಹಬ್ಬಿತು. ಅವ್ವೆ ಸೆರಗು ಬಾಯಿಗೆ ಹಿಡಿದು, "ಇವಳು ಬಂದಾಗಿನಿಂದ ಎನ್ನ ಮಗ ತಲೆ ಎತ್ತಿ ನಡೆದಿಲ್ಲೆ" ಎಂದುಬಿಟ್ಟಳು. ಅತ್ತಿಗೆ ಅದುವರೆಗೆ ಯಾರನ್ನೂ ನೋಡದೆ ಕೂತಿದ್ದವಳು, ಆ ಮಾತಿಗೆ ಮಾತ್ರ ತಿರುಗಿ ನೋಡಿದಳು. ನಗುತ್ತಿದ್ದವರಲ್ಲಿ ಅವಳ ಕೈಯ ಮಜ್ಜಿಗೆ ಕುಡಿಯದವರು ಯಾರೂ ಇರಲಿಲ್ಲ.

ಗೌಡರು, "ಒಂದು ಮಾತು ಜಾರಿದ್ದಕ್ಕೆ ಮನೆ ಮುರೀಬಾರದು. ಅವ ತಪ್ಪಾಯ್ತು ಅಂತಾನೆ, ನೀ ಮನೆಗೆ ಹೋಗು" ಎಂದರು.

ಹೆಂಗಸರು ಕೂತೇ ಮಾತಾಡಬೇಕೆಂಬುದು ಕೂಟದ ಪದ್ಧತಿ. ಅತ್ತಿಗೆ ಎದ್ದು ನಿಂತಳು. ಬೆನ್ನು ನೆಟ್ಟಗೆ ಮಾಡಿ ಅವಳು ನಿಂತದ್ದನ್ನು ನಾನು ನೋಡಿ ಎಷ್ಟೋ ತಿಂಗಳಾಗಿತ್ತು.

"ಇವ ಎನ್ನ ಹೊಡೆದು ಓಡಿಸಿದ್ದರೆ, ಓಡಿಸಿದ ಹೆಂಡತಿ ಅಂತಾದರೂ ಆಗ್ತಿದ್ದೆ. ಇನ್ನೊಬ್ಬಳನ್ನು ತಂದಿದ್ದರೆ ಹಳೇ ಹೆಂಡತಿ ಅಂತಾದರೂ ಆಗ್ತಿದ್ದೆ. ಇವ ಎನ್ನ ಮದುವೆಯೇ ಆಗಿಲ್ಲೆ ಅಂದುಬಿಟ್ಟ. ಆಗದೇ ಇರೋ ಮದುವೆಗೆ ಎನ್ನ ಯಾವ ಮನೆಗೆ ಕಳಿಸ್ತೀರಿ?"

ಗೌಡರು ಕೂಟ ಮುಗಿಸಿ ಎದ್ದರು. ಬಿಡುಗಡೆ ಕೊಡಲಿಲ್ಲ. ಅವಳು ಅದಕ್ಕಾಗಿ ಕಾಯಲೂ ಇಲ್ಲ. ತವರಿಗೆ ಹೊರಟಾಗ ಹೊಳೆಯವರೆಗೆ ಕಳಿಸಿಬರಲು ಹೋದವಳು ನಾನೊಬ್ಬಳೇ. ಅಲ್ಲಿ ನನ್ನ ಗಲ್ಲ ಹಿಡಿದು, "ನೀ ಹೇಳದಿದ್ದರೆ, ಎನ್ನ ಕಿವಿಯೇ ಸುಳ್ಳು ಕೇಳಿತು ಅಂತ ನಂಬಿಬಿಡ್ತಿದ್ದೆ ಕೂಸೇ" ಎಂದಳು. ಆಗ ಅತ್ತಳು. ನಾನು ಕಂಡಂತೆ ಅದೊಂದೇ ಸಲ.

ಮುಂದೆ ಅಣ್ಣ ಇನ್ನೊಂದು ಮದುವೆಯಾದ. ಆಕೆ ಅವನ ಕಿವಿಗೆ ಬರುವಷ್ಟು ಪುಟ್ಟ ಹೆಂಗಸು, ಸಾಧು. ಅವಳನ್ನು ವೆಲ್ಲಿಂಗ್ಟನ್ನಿಗೆ, ಊಟಿಗೆ ಕರೆದುಕೊಂಡು ತಿರುಗಿದ. ನನ್ನೊಡನೆ ಮಾತ್ರ ಮಾತು ಬಿಟ್ಟ. ನನಗೆ ಗಂಡು ಬಂದಾಗ ನಾನು ಹಿರಿಯರೆದುರೇ ಕೇಳಿದ್ದು ಒಂದೇ ಪ್ರಶ್ನೆ: "ಪೇಟೆಯಲ್ಲಿ ಯಾರಾದರೂ ಇವಳು ಯಾರು ಅಂದರೆ ಏನು ಹೇಳ್ತೀರಿ?" ಇಬ್ಬರು ಇದೆಂಥ ಹೆಣ್ಣು ಎಂದು ಎದ್ದುಹೋದರು. ಮೂರನೆಯವರು, "ಎನ್ನ ಹೆಂಡತಿ ಅಂತೀನಿ, ಇನ್ನೇನು ಹೇಳಲಿ?" ಎಂದು ಕಣ್ಣರಳಿಸಿದರು. ಅವರನ್ನೇ ಮದುವೆಯಾದೆ. ನನ್ನ ಸಂಸಾರ ನೆಟ್ಟಗೆ ನಡೆದಿದ್ದರೆ ಅದು ಅತ್ತಿಗೆಯ ಋಣ.

ಅಣ್ಣನೇ ಇನ್ನೊಂದು ಮದುವೆಯಾದ ಮೇಲೆ ಬಿಡುಗಡೆಯ ಮಾತನ್ನು ಯಾರೂ ಎತ್ತಲಿಲ್ಲ, ಅತ್ತಿಗೆಗೂ ಸಂಬಂಧಗಳು ಬಂದವು. ನಿನಗೆ ಸರಿಜೋಡಿ ಎಂದು ಯಾರೋ ಗೂಡಲೂರು ಕಡೆಯ ಒಬ್ಬ ಎತ್ತರದವನನ್ನು ತಂದರಂತೆ. "ಎತ್ತರ ನೋಡಿ ತರೋಕೆ ನಾನೇನು ಮನೆಗೆ ಕಂಬ ಹುಡುಕ್ತಿದ್ದೀನಾ?" ಎಂದಳಂತೆ. ಕೆಲವು ವರ್ಷದ ಮೇಲೆ ಕೂಕಲ್ತೊರೈಯ ಒಬ್ಬ ವಿಧುರ ರೈತ ತಾನೇ ಬಂದು ಕೇಳಿದ. ಅವನನ್ನು ಒಪ್ಪಿದಳು. ನನ್ನ ಗಂಡನ ಹಟ್ಟಿ ಅದಕ್ಕೆ ಹತ್ತಿರ. ಆಗಾಗ ಹೋಗಿಬರುತ್ತಿದ್ದೆ. ಆತ ಬಾಯಾಳಿ. ಕೋತಗಿರಿಯ ಸಂತೆಯಲ್ಲಿ ಯಾರೂ ಕೇಳದಿದ್ದರೂ "ಇವಳು ಎನ್ನ ಹೆಂಡತಿ" ಎಂದು ಹೇಳಿಕೊಳ್ಳುತ್ತಿದ್ದ. ಅವಳು "ಸಾಕು ಸುಮ್ಮನಿರಿ" ಎಂದು ಗದರಿ, ಆಮೇಲೆ ಬೇರೆ ಕಡೆ ತಿರುಗಿ ನಗುತ್ತಿದ್ದಳು. ಆದರೂ ಅಂಗಡಿಯ ಮುಂದೆ ನಾಲ್ಕು ಗಂಡಸರು ಸೇರಿ ನಗುವುದು ಕೇಳಿಸಿದರೆ ಅವಳ ಬೆನ್ನು ತಾನಾಗಿ ಬಗ್ಗುತ್ತಿತ್ತು. ಅದನ್ನು ಆತನಿಂದಲೂ ಸರಿಮಾಡಲಾಗಲಿಲ್ಲ.

ಒಂದು ಚಳಿಗಾಲದಲ್ಲಿ ಅತ್ತಿಗೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ನಾನು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಆತ ಅಂಗಳದಲ್ಲಿ ಕೂತು, ಬಂದವರಿಗೆಲ್ಲ ಅವಳು ಹಿಂದಿನ ದಿನ ಏನು ಹೇಳಿದಳು, ಎಷ್ಟು ಗಂಜಿ ಕುಡಿದಳು ಎಂದು ಹೇಳುತ್ತಿದ್ದ.

ಸಾವಿನ ಕೆಲಸ ಮುಗಿಸಿ ತವರಿಗೆ ಹೋಗಿ ಸುದ್ದಿ ತಿಳಿಸಿದೆ. ಅವ್ವೆ ಗೋಡೆಯ ಕಡೆ ತಿರುಗಿ ಮಲಗಿದಳು. ಅಣ್ಣ ಜಗಲಿಯ ಮೇಲಿದ್ದ. ಕೂಟದ ದಿನದಿಂದ ನನ್ನೊಡನೆ ಮಾತಾಡಿರಲಿಲ್ಲ. ನಾನು ಹೊರಟು ಅಂಗಳಕ್ಕೆ ಇಳಿದಾಗ ಕರೆದ. ಹೇಗೆ ಸತ್ತಳು ಎಂದು ಕೇಳುತ್ತಾನೆಂದುಕೊಂಡೆ.

"ಅವ... ಆ ಕೂಕಲ್ತೊರೈಯವ," ಎಂದ, "ಎನಗಿಂತ ಎತ್ತರವಾ?"

"ಇಲ್ಲೆ ಅಣ್ಣ," ಎಂದೆ. "ನಿನಗಿಂತ ಕುಳ್ಳ."

ಒಳಗಿನಿಂದ ಅವನ ಹೆಂಡತಿ ಊಟಕ್ಕೆ ಕರೆದಳು. ಅವನು ಏಳಲಿಲ್ಲ.