ಬೋರ್ಡೋದ ತೀರ್ಥ, ಔರಾದಿನ ಸೇಂದಿ

ಹೋದ ಸೋಮವಾರ ನಮ್ಮ ಚಿಗವ್ವ ತೀರಿಕೊಂಡಳು. ಬೆಳಿಗ್ಗೆಯೇ ಜೀವ ಹೋಗಿತ್ತು. ಹೊತ್ತು ಇಳಿದರೂ ಮನೆಯಲ್ಲೇ ಕೂತಿದ್ದಳು.

(ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಊರಿನ ಅಯ್ಯನವರು, ಅಂದರೆ ಜಂಗಮರು, ಬಂದು ತಲೆಯ ಮೇಲೆ ಪಾದ ಇಟ್ಟ ಮೇಲೆಯೇ ಎತ್ತುವುದು.)

ಅಯ್ಯನವರು ಬರಲಿಲ್ಲ. ಅವರ ಮನೆ ಇದ್ದದ್ದು ಅದೇ ಓಣಿಯಲ್ಲಿ.

ಯಾಕೆ ಬರಲಿಲ್ಲ? ಚಿಗವ್ವನ ಮಗ ಕಾಶೆಪ್ಪ ಔರಾದ ಸಂತೆಯಲ್ಲಿ ಸೇಂದಿ ಕುಡಿದಿದ್ದ. ಈಚಲ ಮರದಿಂದ ಇಳಿಸುತ್ತಾರಲ್ಲ, ಅದು. ಯಾರೋ ನೋಡಿದರು, ಊರು ಕೂಡಿತು, ಕಾಶೆಪ್ಪನನ್ನು ಹೊರಗೆ ಹಾಕಿತು. ನೀರಿಲ್ಲ, ಒಲೆಗೆ ಕೆಂಡವಿಲ್ಲ, ಯಾರ ಮನೆಯ ಮದುವೆ ಮುಂಜಿಗೂ ಕರೆಯಿಲ್ಲ. ಊರು ಅಂದರೆ ಎಕಂಬಾ ಆಚೆಯ ಒಂದು ಹಳ್ಳಿ. ಹೆಸರು ಬೇಡ ಬಿಡಿ, ನಿಮ್ಮ ಊರಿನ ಹೆಸರೇ ಇಟ್ಟುಕೊಂಡು ಓದಿ.

ಈಗ ನನ್ನ ಕುಡಿತದ ವಿಷಯಕ್ಕೆ ಬರುತ್ತೇನೆ.

ಬೀದರಿನ ಈ ವಕೀಲ ಒಮ್ಮೆ ಸಮುದ್ರ ದಾಟಿದ್ದು ವಾರವಾರ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಒಬ್ಬ ಜಾಗೀರದಾರರು ಎದೆರೋಗಕ್ಕೆ ಔಷಧ ಮಾಡಿಸಿಕೊಳ್ಳಲು ಯುರೋಪಿಗೆ ಹೋದರು. ನನ್ನ ಇಂಗ್ಲಿಷ್ ಬಲ್ಲ ನಾಲಿಗೆಯನ್ನು ಜೊತೆಗೆ ಒಯ್ದರು. ಅಲ್ಲಿನ ಡಾಕ್ಟರರು ಹವೆ ಬದಲಾಗಲಿ ಅಂದಿದ್ದಕ್ಕೆ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಸ್ವಲ್ಪ ದಿನ ಉಳಿದೆವು. ಕಣ್ಣು ಹಾಯುವವರೆಗೂ ದ್ರಾಕ್ಷಿ ಬಳ್ಳಿ. ಒಂದು ತೋಟದ ಒಡತಿ, ಕಪ್ಪು ಬಟ್ಟೆಯ ಮುದುಕಿ, ನಮ್ಮನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಪೀಪಾಯಿಗಳ ಸಾಲು. ತಂಪು. ಗ್ಲಾಸಿಗೆ ಕೆಂಪು ವೈನ್ ಬಗ್ಗಿಸಿ ನನ್ನ ಮುಂದೆ ಹಿಡಿದಳು.

ನಾನು ಏನು ಮಾಡಿದೆ ಹೇಳಿ? ಗ್ಲಾಸನ್ನು ಎಡಗೈಗೆ ತೆಗೆದುಕೊಂಡು, ಬಲ ಅಂಗೈ ಬಟ್ಟಲು ಮಾಡಿ, ಅದಕ್ಕೆ ವೈನ್ ಹಾಕಿಕೊಂಡು, ಮೂರು ಸಲ ಗುಟುಕರಿಸಿ, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ. ಹಿರಿಯರು ಕೊಟ್ಟದ್ದನ್ನು ತೀರ್ಥದ ಹಾಗೆ ತೆಗೆದುಕೊಂಡೇ ಗೊತ್ತಿದ್ದ ಕೈ. ಅದಕ್ಕೆ ಬೇರೆ ವಿದ್ಯೆ ಬಂದಿರಲಿಲ್ಲ.

ಮುದುಕಿ ನಗಲಿಲ್ಲ. ಇನ್ನೊಂದು ಸಲ ಬಗ್ಗಿಸಿ, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೋ ಎಂದು ಸನ್ನೆ ಮಾಡಿದಳು. ಮೊದಲು ನೇರಳೆ ಹಣ್ಣಿನ ಒಗರು. ಆಮೇಲೆ ನಿಧಾನಕ್ಕೆ ಒಂದು ಸಿಹಿ. ನುಂಗಿದ ಮೇಲೂ ರುಚಿ ಬಾಯಿ ಬಿಟ್ಟು ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಮಧ್ಯಾಹ್ನ ಬಳ್ಳಿ ಕತ್ತರಿಸುವ ಆಳುಗಳು ಬಂದು ಅದೇ ಪೀಪಾಯಿಯಿಂದ ತುಂಬಿಸಿಕೊಂಡು, ರೊಟ್ಟಿ ಅದ್ದಿ ತಿಂದರು. ಒಡತಿಯೂ ಅದೇ ಬೆಂಚಿನ ಮೇಲೆ ಕೂತು ತಿಂದಳು.

ಈ ಕಥೆಗೆ ನಮ್ಮ ಕಡೆ ಬಹಳ ಗಿರಾಕಿ. ಚಿಗವ್ವ ತೀರಿದ ಹಿಂದಿನ ದಿನ, ಭಾನುವಾರ, ಭಾಲ್ಕಿಯ ಅರಳೆ ಸಾಹುಕಾರರೊಬ್ಬರ ಮನೆಯಲ್ಲಿ ಊಟ. ಕಾಶೆಪ್ಪನ ಊರಿನ ಆ ಅಯ್ಯನವರೂ ಬಂದಿದ್ದರು. ಎಲೆ ಅಡಿಕೆ ಹೊತ್ತಿಗೆ ಕಥೆ ಹೇಳಿಸಿದರು. ತೀರ್ಥದ ಭಾಗ ಬಂದಾಗ ಅಯ್ಯನವರು ತೊಡೆ ತಟ್ಟಿ ನಕ್ಕರು.

“ನೋಡ್ರಿ, ನಮ್ಮ ಹುಡುಗ ಎಲ್ಲಿ ಹೋದ್ರೂ ಸಂಸ್ಕಾರ ಬಿಡಲಿಲ್ಲ” ಅಂದರು.

ಮರುದಿನ ಚಿಗವ್ವನಿಗೆ ಹುಷಾರಿಲ್ಲ ಎಂದು ಸುದ್ದಿ ಬಂತು, ಹೊರಟೆ. ಸಾಹುಕಾರರು ಮೋಟಾರು ಕೊಟ್ಟರು. ಅಯ್ಯನವರೂ ಅದರಲ್ಲೇ ಬಂದರು. ದಾರಿಯುದ್ದಕ್ಕೂ ಅದೇ ಮಾತು: “ಘಮ ಹ್ಯಾಂಗಿರ್ತದ್ರಿ? ತಲಿ ತಿರಗ್ತದೇನ್ರಿ?” ಊರು ಮುಟ್ಟಿದಾಗ ಚಿಗವ್ವನ ಮನೆ ಮುಂದೆ ಹೆಂಗಸರು ಅಳುತ್ತಿದ್ದರು. ಅಯ್ಯನವರು ಇಳಿದರು, ಶಲ್ಯ ಸರಿಮಾಡಿಕೊಂಡರು, ಸೀದಾ ತಮ್ಮ ಮನೆಗೆ ನಡೆದರು.

ನಾನೇ ಕರೆಯಲು ಹೋದೆ. ಪಡಸಾಲೆಯಲ್ಲಿ ಊರಿನ ಹಿರಿಯರೂ ಕೂತಿದ್ದರು.

“ಕುಡುಕನ ಮನಿ ಹೊಸ್ತಿಲಾ ನಾ ತುಳ್ಯಂಗಿಲ್ರಿ, ವಕೀಲ ಸಾಹೇಬ್ರ.”

“ನಾನೂ ಕುಡದೀನಲ್ರಿ. ನಿನ್ನಿ ನಿಮ್ಮ ಮುಂದೇ ಹೇಳೀನಿ.”

“ನಿಮ್ದು ಬ್ಯಾರೆರಿ. ಅದು ದ್ರಾಕ್ಷಿ ಹಣ್ಣಿಂದು, ಔಷಧ ಇದ್ದಂಗ.”

“ಇಂವ ಕುಡದಿದ್ದೂ ಗಿಡದ್ದೇ ಅಲ್ರಿ?”

ಅಯ್ಯನವರು ಹಿರಿಯರ ಕಡೆ ನೋಡಿದರು. ಒಬ್ಬ ಹಿರಿಯರು ದಾರಿ ತೋರಿಸಿದರು. ಕಾಶೆಪ್ಪ ಓಣಿಯ ಪ್ರತಿ ಮನೆಯ ಮುಂದೂ ಅಡ್ಡಬಿದ್ದು ತಪ್ಪಾಯಿತು ಅನ್ನಬೇಕು. ಆಮೇಲೆ ಅಯ್ಯನವರು ಬರುತ್ತಾರೆ. ಅವ್ವ ಗೋಡೆಗೆ ಕೂತಿರುವಾಗ ಮಗ ಬೀದಿಯಲ್ಲಿ ಹೊರಳಬೇಕು. ಇದಕ್ಕೆ ಧರ್ಮ ಅನ್ನುತ್ತಾರೆ.

ನಾನು ಕಾಶೆಪ್ಪನಿಗೆ ಬೇಡ ಅಂದೆ. ಅಯ್ಯನವರಿಲ್ಲದೆಯೇ ಎತ್ತೋಣ, ಮಣ್ಣು ಮಾಡಲು ನಾನೂ ನೀನೂ ಸಾಕು ಅಂದೆ. ಕಾಶೆಪ್ಪ ತಲೆ ಅಲ್ಲಾಡಿಸಿದ.

“ಬ್ಯಾಡ ಅಣ್ಣಾ. ನಮ್ಮವ್ವ ದಿನಾ ಅವರ ಪಾದ ತೊಳದು ನೀರ ಕುಡದಾಕಿ. ಆ ಪಾದ ಇಲ್ದೆ ಹ್ಯಾಂಗ ಕಳಸ್ಲಿ?”

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಓಣಿಯೆಲ್ಲ ಕೆಸರು. ಕಾಶೆಪ್ಪ ಮೊದಲ ಮನೆಯ ಮುಂದೆ ಉದ್ದಕ್ಕೆ ಬಿದ್ದ. ನನಗೆ ತಡೆಯಲಾಗಲಿಲ್ಲ. ಕೋಟು ಹಾಕಿಕೊಂಡೇ ಅವನ ಪಕ್ಕ ಬಿದ್ದೆ. “ನಾನೂ ಕುಡದೀನಿ, ತಪ್ಪಾತು” ಅಂದೆ.

ಓಣಿಗೆ ಓಣಿಯೇ ಓಡಿಬಂತು. “ಏಳ್ರಿ ಸಾಹೇಬ್ರ, ಏಳ್ರಿ. ಧೋತ್ರ ಹೊಲಸ ಆಗ್ತದ.” ನಾಲ್ಕಾರು ಕೈ ನನ್ನ ಕಂಕುಳಿಗೆ ಬಂದವು. ಯಾರೋ ನೀರು ತಂದರು. ಇನ್ಯಾರೋ ತಮ್ಮ ರುಮಾಲಿನಿಂದಲೇ ನನ್ನ ಕೋಟು ಒರೆಸಿದರು. ಪಕ್ಕದಲ್ಲಿ ಕಾಶೆಪ್ಪ ಮಲಗೇ ಇದ್ದ. ಅವನನ್ನು ಮುಟ್ಟಿದವರಿಲ್ಲ. ತಾನೇ ಕೈಯೂರಿ ಎದ್ದು ಎರಡನೇ ಮನೆಗೆ ಹೋದ. ನಾನು ಮತ್ತೆ ಬೀಳಲು ಹೋದರೆ ತೋಳು ಹಿಡಿದು ನಿಲ್ಲಿಸಿದರು. ಅವರ ಆ ಮರ್ಯಾದೆಯಿಂದ ಆದಷ್ಟು ಹೇಸಿಗೆ ನನಗೆ ಯಾವತ್ತೂ ಆಗಿರಲಿಲ್ಲ.

ಕೊನೆಯ ಮನೆ ಮುಗಿಯುವ ಹೊತ್ತಿಗೆ ದೀಪ ಹಚ್ಚಿದ್ದರು. ಅಯ್ಯನವರು ಬಂದರು, ಪಾದ ಇಟ್ಟರು. ಚಿಗವ್ವನನ್ನು ಹೊಲದಲ್ಲಿ ಮಣ್ಣು ಮಾಡಿದೆವು. ಅವ್ವನ ಹೆಣಕ್ಕೆ ಹೆಗಲು ಕೊಟ್ಟ ಕಾಶೆಪ್ಪನ ಮೈಯ ಕೆಸರು ಅಷ್ಟರಲ್ಲಿ ಒಣಗಿತ್ತು.

ವಾಪಸು ಬರುವಾಗ ಅವನು ಕೇಳಿದ, “ಅಣ್ಣಾ, ಅಲ್ಲಿ ಕೂಲಿಯವರೂ ಕುಡೀತಾರಂತ ಹೌದೇನು?”

“ಹೌದಪಾ. ಧಣಿ ಕುಡಿಯೋ ಪೀಪಾಯಿಂದ್ಲೇ.”

“ಅವರವ್ವ ಸತ್ರ, ಅಯ್ಯನವ್ರು ಬರ್ತಾರೇನು?”

ವೈನಿನ ಒಗರು ಸಿಹಿ ಎಲ್ಲ ವಿಚಾರಿಸಿದ್ದೆ, ಇದನ್ನು ವಿಚಾರಿಸಿರಲಿಲ್ಲ.

ಬರುವ ಭಾನುವಾರ ಭಾಲ್ಕಿಗೆ ಮತ್ತೆ ಕರೆ ಬಂದಿದೆ. ಸಾಹುಕಾರರ ಬೀಗರಿಗೆ ಬೋರ್ಡೋ ಕಥೆ ಕೇಳಬೇಕಂತೆ. ಹೋಗುತ್ತೇನೆ, ಕಾಶೆಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ನನ್ನ ಕಥೆ ಮುಗಿದ ಮೇಲೆ ಅವನು ತನ್ನದು ಹೇಳಲಿ. ಆಗ ಎಲೆ ಅಡಿಕೆ ತಟ್ಟೆ ಬಿಟ್ಟು ಏಳದೆ ಅವನ ಜೊತೆ ಕೂತಿರುವವರು ಎಷ್ಟು ಮಂದಿ?