ನನ್ನ ಹೆಂಡತಿ ಮಾರಿದ ಪ್ರಿಂಟರುಗಳು

ಆಗ ನಾವು ವಡೋದರಾದ ಮಂಜಲ್‌ಪುರದಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಾರ್‌ಕೋಡ್ ಪ್ರಿಂಟರುಗಳ ಒಂದು ಬ್ರ್ಯಾಂಡಿಗೆ ಗುಜರಾತಿನಲ್ಲಿ ಹೆಸರು ತರುವುದು ನನ್ನ ಕೆಲಸ. ಸೀರೆಯಿರಲಿ, ಚಪ್ಪಲಿಯಿರಲಿ, ಅದಕ್ಕೆ ಅಂಟಿಸುವ ಗೆರೆಗೆರೆಯ ಚೀಟಿಯನ್ನು ಅಂಗಡಿಯಲ್ಲೇ ಮುದ್ರಿಸಿಕೊಡುವ ಯಂತ್ರ ಅದು. ಕಚೇರಿ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ದೊಡ್ಡ ಗಿರಾಕಿಗಳೆಲ್ಲ ಸೂರತ್ತಿನ ಬಟ್ಟೆ ಮಾರ್ಕೆಟ್ಟಿನಲ್ಲಿ. ಎರಡೂ ಕಡೆ ರೈಲು ಹಿಡಿಯಲು ಅನುಕೂಲವೆಂದು ನಡುವಿನ ಊರಲ್ಲಿ ಮನೆ ಮಾಡಿದ್ದೆ.

ನಾನು ಧಾರವಾಡದವನು, ನನ್ನ ಹೆಂಡತಿ ಗದಗಿನವಳು. ಬಿಕಾಂ ಓದಿದ್ದಳು, ಕೆಲಸವಿರಲಿಲ್ಲ. ಸಂಜೆ ಹೊತ್ತು ಸೊಸೈಟಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತು ಬಟಾಣಿ ಸುಲಿಯುತ್ತ ಗುಜರಾತಿ ಕಲಿತುಬಿಟ್ಟಿದ್ದಳು. ನಾನು ಅಷ್ಟು ವರ್ಷ ತಿರುಗಿದರೂ, ಕೇಳಿದರೆ ತಿಳಿಯುತ್ತಿತ್ತೇ ಹೊರತು ಆಡಲು ಬಾರದೆ, ಹಿಂದಿಯಲ್ಲೇ ಬದುಕುತ್ತಿದ್ದೆ.

ನಮ್ಮ ವಡೋದರಾ ಡೀಲರ್ ಹತ್ತಿರ ಯಂತ್ರ ತೋರಿಸಿ ವಿವರಿಸುವ ಹುಡುಗಿಯೊಬ್ಬಳಿದ್ದಳು. ಅವಳು ಮದುವೆಯಾಗಿ ಕೆಲಸ ಬಿಟ್ಟಳು. ಮರುದಿನವೇ ಪೇಟೆಯ ಒಂದು ಸೀರೆ ಅಂಗಡಿಗೆ ಹೋಗಬೇಕಿತ್ತು. "ನಾ ಬರ್ತೀನಿ ನಡೀರಿ, ಗುಂಡಿ ಒತ್ತೋದ ಅಲ್ಲೇನು?" ಅಂದಳು ಹೆಂಡತಿ. ಒಂದು ದಿನದ ಮಾತು ಎಂದುಕೊಂಡು ಕರೆದುಕೊಂಡು ಹೋದೆ.

ನಾನು ವೇಗ, ಗ್ಯಾರಂಟಿ, ರಿಬ್ಬನ್ನಿನ ಬಾಳಿಕೆ ಎಲ್ಲವನ್ನೂ ಹೇಳಿ ಮುಗಿಸಿದೆ. ಅಂಗಡಿಯ ಸೇಠರು ಆಕಳಿಸಿದರು. ಅವರ ಹೆಂಡತಿ ಗಾದಿಯ ಮೇಲೆ ಕೂತು, ಗಿರಾಕಿಗಳು ಬಿಚ್ಚಿ ಹಾಕಿಹೋದ ಸೀರೆಗಳನ್ನು ಮಡಚುತ್ತಿದ್ದರು. ನನ್ನವಳು ಚಪ್ಪಲಿ ಬಿಟ್ಟು ಅವರ ಪಕ್ಕ ಕೂತು ತಾನೂ ಒಂದು ಸೀರೆ ಮಡಚತೊಡಗಿದಳು.

"ಮಾಸಿ, ಇಷ್ಟೊಂದು ಸೀರೆಯ ಬೆಲೆ ಯಾರಿಗೆ ನೆನಪಿರುತ್ತೆ?" ಎಂದು ಚಿಕ್ಕಮ್ಮನನ್ನು ಮಾತಾಡಿಸುವಂತೆ ಗುಜರಾತಿಯಲ್ಲಿ ಕೇಳಿದಳು.

"ನನಗೊಬ್ಬಳಿಗೇ. ಅದಕ್ಕೇ ಯಾರ ಮನೆ ಮದುವೆಗೂ ಹೋಗೋಕಾಗಲ್ಲ. ಹೋದರೆ ಇಲ್ಲಿಂದ ಫೋನು, ಆ ಹಸಿರುದ್ದು ಎಷ್ಟು, ಈ ಕೆಂಪುದ್ದು ಎಷ್ಟು ಅಂತ."

"ಹಾಗಾದರೆ ನೆನಪು ಇಟ್ಟುಕೊಳ್ಳೋ ಕೆಲಸ ಇದಕ್ಕೆ ಬಿಡಿ. ನೀವು ಮದುವೆಗೆ ಹೋಗಿ ಬನ್ನಿ."

ಮಾಸಿ ನಕ್ಕರು. ಸೇಠರು ನನ್ನನ್ನು ನೋಡದೆ ಅವಳನ್ನೇ ಕೇಳಿದರು, "ಬೆನ್, ಯಾವಾಗ ಕಳಿಸ್ತೀರಿ?"

ಬೆನ್ ಅಂದರೆ ಅಕ್ಕ, ತಂಗಿ. ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ಸಾಹೇಬ್ ಎಂದು. ಸಾಹೇಬರಿಗೆ ಚಹಾ ಕೊಡುತ್ತಿದ್ದರು, ಮುಂದಿನ ತಿಂಗಳು ಬನ್ನಿ ಎನ್ನುತ್ತಿದ್ದರು.

ಆ ಮೇಲೆ ಡೀಲರ್ ಅವಳನ್ನು ಬಿಡಲಿಲ್ಲ, ಆ ಹುಡುಗಿಯ ಕೆಲಸವನ್ನು ಅವಳಿಗೇ ಕೊಟ್ಟ. ಮನೆಯ ಫೋನು ಬಡಿದುಕೊಳ್ಳುತ್ತಿತ್ತು. ನಾನು ಎತ್ತಿದರೆ ಆ ಕಡೆಯಿಂದ ಒಂದೇ ಪ್ರಶ್ನೆ: "ಬೆನ್ ಛೇ?" ಇದ್ದಾರೆ ಎಂದು ರಿಸೀವರ್ ಅವಳ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದೆ. ಒಳಗಿನಿಂದ ಅವಳ ನಗು ಕೇಳಿಸುತ್ತಿತ್ತು. ನನ್ನ ಗಿರಾಕಿಗಳ ಜೊತೆ, ನನ್ನ ಯಂತ್ರದ ಬಗ್ಗೆ, ನನಗೆ ಆಡಲು ಬಾರದ ಭಾಷೆಯಲ್ಲಿ ಅವಳು ನಗುತ್ತಿದ್ದಳು. 

ಆ ವರ್ಷ ಸೂರತ್ತಿಗಾಗಿಯೇ ಹೊಸ ಜಾಹೀರಾತು ಮಾಡುವುದೆಂದು ಕಂಪನಿ ತೀರ್ಮಾನಿಸಿತು. ನಾನು ವಾರಗಟ್ಟಲೆ ಕೂತು ಇಂಗ್ಲಿಷಿನಲ್ಲಿ ಒಂದು ಘೋಷವಾಕ್ಯ ಬರೆದಿದ್ದೆ. ವೇಗವೂ ನಿಖರತೆಯೂ ಇದ್ದ, ಒಳ್ಳೆಯ ವಾಕ್ಯವೇ. ಸ್ಯಾಟಲೈಟ್ ಕಚೇರಿಯ ಮೀಟಿಂಗಿನಲ್ಲಿ ನಮ್ಮ ಮುಖ್ಯಸ್ಥರು ಅದನ್ನು ಓದಿ ಪಕ್ಕಕ್ಕಿಟ್ಟರು. ವಡೋದರಾದ ಡೀಲರ್ ಅವರಿಗೆ ಸೀರೆ ಅಂಗಡಿಯ ಕತೆ ಹೇಳಿದ್ದನಂತೆ. "ನೆನಪು ಇದಕ್ಕೆ ಬಿಡಿ, ನೀವು ಮದುವೆಗೆ ಹೋಗಿ ಬನ್ನಿ. ಇದಪ್ಪಾ ಸೂರತ್ತಿಗೆ ಬೇಕಾದ್ದು! ಆಪ್‌ಕೀ ಮಿಸೆಸ್ ಕಮಾಲ್ ಹೈ" ಎಂದು ನನ್ನ ಬೆನ್ನು ತಟ್ಟಿದರು.

ಸೂರತ್ತಿನಲ್ಲಿ ಆ ಮಾತಿನ ಹೋರ್ಡಿಂಗ್ ನಿಲ್ಲಿಸುವ ಕೆಲಸ ನನ್ನ ಪಾಲಿಗೇ ಬಂತು. ಬಿಸಿಲಲ್ಲಿ ನಿಂತು, ಎಡಕ್ಕೆ ಎಳೆಯಿರಿ, ಬಲಕ್ಕೆ ಬಿಗಿಯಿರಿ ಎಂದು ಕೂಗುತ್ತ, ಹೆಂಡತಿ ಗಾದಿಯ ಮೇಲೆ ಕೂತು ಆಡಿದ ಮಾತನ್ನು ಆಳೆತ್ತರದ ಗುಜರಾತಿ ಅಕ್ಷರಗಳಲ್ಲಿ ಮೇಲೇರಿಸಿದೆ. ಸಂಜೆಯ ಡೀಲರುಗಳ ಸಭೆಗೆ ಅವಳೂ ಬಂದಿದ್ದಳು. ಪರದೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದವನು ನಾನು. ಪ್ರಶ್ನೆಗಳೆಲ್ಲ ಹೋದದ್ದು ಅವಳಿಗೆ.

ವಾಪಸು ರೈಲು ಭರೂಚ್ ದಾಟಿತು. ಆಮೇಲೆ, "ಇವತ್ತ ನೀ ಭಾಳ ಮಾತಾಡಿದಿ" ಅಂದೆ.

"ಅವರು ಕೇಳಿದ್ರು, ನಾ ಹೇಳಿದೆ. ಸುಮ್ನ ಕೂಡಬೇಕಿತ್ತೇನು?"

ನಾನು ಕಿಟಕಿಯ ಕಡೆ ತಿರುಗಿದೆ.

"ನಿಮಗ ಹೊಟ್ಟಿಕಿಚ್ಚ ಆಗೇದ, ಹೌದಲ್ರೀ?"

"ಹೌದು."

"ಆಗ್ಲಿ ಬಿಡ್ರಿ. ಮಂದಿ ಮ್ಯಾಲ ಆಗೋದಕಿಂತ ಮನಿಯವರ ಮ್ಯಾಲ ಆದ್ರ ಛಲೋ" ಎಂದು ಬುತ್ತಿ ಬಿಚ್ಚಿ ನನ್ನ ಕೈಗೆ ಮೆಂತ್ಯ ಸೊಪ್ಪಿನ ಥೇಪ್ಲಾ ರೊಟ್ಟಿ ಕೊಟ್ಟಳು. ಅವಳು ಜಗಳಕ್ಕಾದರೂ ಬರಬಾರದೇ ಅನ್ನಿಸಿತು.

ದೀಪಾವಳಿಯ ನಂತರ ಕಂಪನಿಯವರು ಸೂರತ್ತಿಗೆ ಬೇರೆ ಶಾಖೆ ತೆರೆದರು. ಅದರ ಹೊಣೆ ನನಗೆ ಬರುತ್ತದೆಂದು ನಾನು ಎಂದಿನಿಂದಲೋ ಕಾದಿದ್ದೆ. ಅವರು ಕರೆದದ್ದು ಅವಳನ್ನು. ಅಂದು ಊಟ ಬಡಿಸುತ್ತ ಅವಳು, "ನೀವು ಬ್ಯಾಡ ಅಂದ್ರ ಹೋಗೂದಿಲ್ಲ" ಅಂದಳು. ಆ ಮಾತು ಇನ್ನಷ್ಟು ಉರಿಸಿತು. ಬೇಡ ಎಂದರೆ ಸೂರತ್ತಿನಿಂದ ಅಹಮದಾಬಾದಿನವರೆಗೆ ಎಲ್ಲ ಡೀಲರುಗಳಿಗೂ ನಾನೇನೆಂದು ಗೊತ್ತಾಗುತ್ತಿತ್ತು. "ಹೋಗು" ಅಂದೆ.

ಅವಳು ಸೂರತ್ತಿನಲ್ಲಿ ಉಡುಪಿ ಕಡೆಯ ಹೋಟೆಲಿನವರ ಮನೆಯ ಮಹಡಿಯಲ್ಲಿ ಕೋಣೆ ಹಿಡಿದಳು. ಶನಿವಾರ ಬರುತ್ತಿದ್ದಳು. ನಾನು ಕೆಲವು ತಿಂಗಳಲ್ಲೇ ಆ ಕಂಪನಿ ಬಿಟ್ಟು, ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ಮಾಡುವ ಇನ್ನೊಂದು ಕಂಪನಿಗೆ ಸೇರಿದೆ. ಅಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹಗುರಾದಂತಿತ್ತು.

ಒಮ್ಮೆ ನವಸಾರಿಯ ಒಬ್ಬ ವ್ಯಾಪಾರಿಯ ಹತ್ತಿರ ಹೋದೆ. ಅವನು ನಿಂತೇ ಮಾತಾಡಿ ಕಳಿಸುವ ಆತುರದಲ್ಲಿದ್ದ. ನಾನು ಕರ್ನಾಟಕದವನು ಎಂದದ್ದೇ ತಡ, "ಸೂರತ್ತಿನಲ್ಲಿ ನಿಮ್ಮ ಕಡೆಯ ಒಬ್ಬರು ಬೆನ್ ಇದ್ದಾರೆ, ಪ್ರಿಂಟರಿನವರು, ಗೊತ್ತೇ?" ಎಂದ.

"ನನ್ನ ಹೆಂಡತಿ" ಅಂದೆ.

ಕುರ್ಚಿ ಬಂತು, ಚಹಾ ಬಂತು, ಅವಳ ಗುಣಗಾನವೂ ಬಂತು. ಹೊರಡುವಾಗ ಆರ್ಡರೂ ಸಿಕ್ಕಿತು.

ಶನಿವಾರ ಅವಳು ಬಂದಾಗ ನವಸಾರಿಯಲ್ಲಿ ಆರ್ಡರ್ ಸಿಕ್ಕ ಸುದ್ದಿ ಹೇಳಿದೆ. ಹೇಗೆ ಸಿಕ್ಕಿತೆಂದು ಹೇಳಲಿಲ್ಲ. ಅವಳು ಬ್ಯಾಗನ್ನೂ ಕೆಳಗಿಡದೆ ಅಂಗಡಿಗೆ ಓಡಿ ಶ್ರೀಖಂಡ ತಂದು, "ನೋಡ್ರಿ, ನೀವೂ ಮಾರ್ತೀರಿ" ಎಂದು ನನ್ನ ಬಟ್ಟಲಿಗೆ ಬಡಿಸಿದಳು.